ಮೊಳೆಗೆ ನೇತುಹಾಕಿದ ಫೋನು

ಫೋನನ್ನು ಕೇಳಿ ತರಬೇಕಿತ್ತು ಎಂದು ಭಾಗ್ಯಳಿಗೆ ಅನ್ನಿಸಿದ್ದು ಬಸ್ಸು ಶೃಂಗೇರಿ ಬಿಟ್ಟು ಹರಿಹರಪುರದ ದಾರಿ ಹಿಡಿದ ಮೇಲೆ. ಆಗ ಅನ್ನಿಸಿತು ಎನ್ನುವುದೂ ಸುಳ್ಳೇ. ಬೆಳಿಗ್ಗೆ ಚಪ್ಪಲಿ ಮೆಟ್ಟಿ ಆ ಮೊಳೆಯ ಮುಂದೆ ನಿಂತಾಗಲೇ ಗೊತ್ತಿತ್ತು. ಸಿರಿಮನೆಯ ಹತ್ತಿರ ಅಕ್ಕನ ಮನೆ; ಮನೆಯ ಕಿಟಕಿ ಪಕ್ಕ ಒಂದು ಮೊಳೆ, ಮೊಳೆಗೆ ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಪುಟ್ಟ ಸಂಚಿ, ಸಂಚಿಯೊಳಗೆ ತೀರಿಹೋದ ಅಮ್ಮನ ಬಟನ್ ಫೋನು. ಅದರೊಳಗಿನ ಸಿಮ್ಮು ಭಾಗ್ಯಳದೇ. ಮಸ್ಕತ್ತಿಗೆ ಹೊರಟಾಗ ಅಮ್ಮನ ಕೈಗೆ ಕೊಟ್ಟು ಹೋದದ್ದು ಅವಳೇ, ಇವತ್ತಿನವರೆಗೂ ಅದಕ್ಕೆ ಕರೆನ್ಸಿ ಹಾಕಿಸುತ್ತಿರುವವಳೂ ಅವಳೇ, ಈಗ ಹೊರಟಿರುವ ಕೊಪ್ಪದ ಬ್ಯಾಂಕಿನಲ್ಲಿ ಅವಳ ಖಾತೆಗೆ ಕೊಟ್ಟ ನಂಬರೂ ಅದೇ. ಇಷ್ಟೆಲ್ಲ ಇದ್ದೂ ಕೈ ಚಾಚಲು ಆಗಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಅಕ್ಕ ಮಾಲತಿ ಸೆರಗಿಗೆ ಕೈ ಒರೆಸುತ್ತ ನಿಂತು ನೋಡುತ್ತಿದ್ದಳು. ಆ ಫೋನನ್ನು ಮೊಳೆಯಿಂದ ಇಳಿಸಿದರೆ ಅಮ್ಮನದು ನನಗೇನು ಉಳಿಸಿದ್ದೀರಿ ಎಂದು ಕೇಳಿದ ಹಾಗೆ ಆಗಿಬಿಟ್ಟೀತು ಎನ್ನಿಸಿ, ಭಾಗ್ಯ ಬ್ಯಾಗಿನ ಜಿಪ್ಪನ್ನು ಸುಮ್ಮನೆ ಒಮ್ಮೆ ತೆಗೆದು ಹಾಕಿ, "ಬತ್ತೀನಕ್ಕ" ಅಂದಳು. ಮಾಲತಿ "ಹ್ಞೂಂ" ಅಂದಳು. ಆ ಹ್ಞೂಂಕಾರದಲ್ಲಿ ಎಂತ ಇತ್ತು ಎಂದು ಕಿಗ್ಗದಿಂದ ಶೃಂಗೇರಿಯವರೆಗೆ ಯೋಚಿಸಿದ್ದಾಯಿತು. ಏನೂ ಇರಲಿಲ್ಲವೇನೋ. ಏನೂ ಇಲ್ಲದೇ ಇರುವುದೇ ಅವಳಿಗೆ ಹೆದರಿಕೆ.

ಮಸ್ಕತ್ತಿನಿಂದ ಬಂದು ಹನ್ನೆರಡು ದಿನವಾಗಿತ್ತು, ಮತ್ತು ಅಕ್ಕ ಅವಳನ್ನು ನೆಂಟರ ಹಾಗೆ ನೋಡಿಕೊಳ್ಳುತ್ತಿದ್ದಳು. ಜಗಳ ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಕಾಫಿಯನ್ನು ಬಂದವರಿಗೆ ಕೊಡುವ ಹೊಳೆಯುವ ಲೋಟದಲ್ಲಿ ಕೊಡುತ್ತಿದ್ದಳು. ಮನೆಯವರ ಲೋಟಗಳು ನೆಗ್ಗಿದವು, ಬೇರೆ ಸಾಲಿನಲ್ಲಿ ಬೋರಲು ಹಾಕಿರುತ್ತಿದ್ದವು. ಮೂರನೇ ದಿನ ಭಾಗ್ಯ ತಾನೇ ಎದ್ದು ಹೋಗಿ ನೆಗ್ಗಿದ ಲೋಟ ತೆಗೆದುಕೊಂಡರೆ, ಮಾಲತಿ ಅದನ್ನು ಇಸಿದುಕೊಂಡು ಹೊಳೆಯುವ ಲೋಟಕ್ಕೆ ಬಗ್ಗಿಸಿದಳು. "ನೀರು ಕಾದಿದೆ", "ಬಡಿಸಿದೀನಿ", "ಹಾಸಿಗೆ ಅಲ್ಲಿದೆ" ಇಷ್ಟೇ ಮಾತು. ಮಸ್ಕತ್ತಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಬಿಸಿ ಚಾದರ ಮಡಿಸುವಾಗ ಕೂಡ ಇಷ್ಟು ಒಂಟಿ ಎನ್ನಿಸಿರಲಿಲ್ಲ ಭಾಗ್ಯಳಿಗೆ. ಅಲ್ಲಿ ಅಷ್ಟೂ ಜನ ಪರದೇಶದವರೇ, ಅದಕ್ಕೊಂದು ಅರ್ಥವಿತ್ತು.

ಹರಿಹರಪುರದಲ್ಲಿ ಬಸ್ಸು ನಿಂತು ಮಠದ ಕಡೆಯಿಂದ ಬಂದ ಒಂದಿಷ್ಟು ಹೆಂಗಸರು ಹತ್ತಿದರು. ಭಾಗ್ಯ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು, ಒಳಗೆ ಪಾಸ್‌ಪೋರ್ಟು ಇದೆಯೋ ಎಂದು ಮುಟ್ಟಿ ನೋಡಿಕೊಂಡಳು. ಬ್ಯಾಂಕಿನವರು ಎಂತ ಕೇಳುತ್ತಾರೋ. ಲಾಂಡ್ರಿಯಲ್ಲಿ ಪಕ್ಕದ ಮಿಷಿನ್ನಿನ ಲೋಕೇಶ ತರೀಕೆರೆಯವನು, ಎಲ್ಲದರಲ್ಲೂ ಒಂದು ಕಾನೂನು ಹುಡುಕಿ ಎದುರಿನವರನ್ನು ಹೆದರಿಸುವುದೆಂದರೆ ಅವನಿಗೆ ಹಬ್ಬ. "ಅಕ್ಕಾ, ಹೊರದೇಶದಲ್ಲಿ ಇರೋರು ಊರಿನ ಖಾತೆನ ಹಂಗೇ ಇಟ್ಕೊಳೋ ಹಂಗಿಲ್ಲ. ಬ್ಯಾಂಕಿಗೆ ಹೇಳಿ ಬೇರೆ ತರದ ಖಾತೆ ಮಾಡಿಸ್ಬೇಕು. ಹೇಳದೇ ಇದ್ರೆ ಒಂದಿನ ಸೀಲ್ ಮಾಡಿ ಇಡ್ತಾರೆ ನೋಡು" ಎಂದು ಅವನು ಹೇಳಿದ ದಿನದಿಂದ ಭಾಗ್ಯಳಿಗೆ ತಾನು ಯಾವುದೋ ಕಳ್ಳತನ ಮಾಡಿ ಸಿಕ್ಕಿಬೀಳದೆ ಓಡಾಡುತ್ತಿರುವ ಹಾಗೆ. ಖಾತೆ ಮಾಡಿಸಿದ್ದು ಕೊಪ್ಪದ ಹಾಸ್ಟೆಲ್ಲಿನಲ್ಲಿ ಅಡಿಗೆಗೆ ಇದ್ದಾಗ. ಆಗಿನ ವಿಳಾಸ, ಆಗಿನ ಫೋಟೋ, ಆಗಿನ ಭಾಗ್ಯ. ಆ ಖಾತೆಯ ಪ್ರಕಾರ ಅವಳು ಇನ್ನೂ ಕೊಪ್ಪದಲ್ಲೇ ಇದ್ದಾಳೆ, ಹುಡುಗಿಯರಿಗೆ ಉಪ್ಪಿಟ್ಟು ಮಾಡುತ್ತಾ. ಆ ಯೋಚನೆ ಒಂದೊಂದು ಸಲ ಅವಳಿಗೆ ಸುಖ ಕೊಟ್ಟಿದ್ದುಂಟು. ಎಲ್ಲಿಗೂ ಹೋಗದ ಒಬ್ಬಳನ್ನು ಊರಲ್ಲಿ ಬಿಟ್ಟು ಬಂದಿದ್ದೀನಿ, ಅವಳು ಅಮ್ಮನ ಹತ್ತಿರ ಇದ್ದಾಳೆ ಅಂತ.

ಅಮ್ಮ ಗುಡ್ಡಮ್ಮ ಆಗ ಕಿಗ್ಗದಲ್ಲೇ ಇದ್ದಳು, ಬಸ್ ನಿಲ್ದಾಣದ ಹಿಂದಿನ ಚಿಕ್ಕ ಮನೆಯಲ್ಲಿ. ಮಸ್ಕತ್ತಿನಿಂದ ಭಾಗ್ಯ ಯಾರಿಗಾದರೂ ದುಡ್ಡು ಕಳಿಸಬೇಕೆಂದರೆ ಬ್ಯಾಂಕಿನ ಒಟಿಪಿ ಅಮ್ಮನ ಕೈಯ ಫೋನಿಗೆ ಬರುತ್ತಿತ್ತು. ಅದನ್ನು ಅಮ್ಮ ಓದಿ ಹೇಳಬೇಕು. ಅಮ್ಮನಿಗೆ ಓದು ಬರದು. ತೋಟದ ಕೆಲಸ, ಕಟ್ಟಿಗೆ, ಹೊರೆ ಬಿಟ್ಟರೆ ಬೇರೆ ಗೊತ್ತಿಲ್ಲದವಳು. ಅಂಕಿಗಳನ್ನು ಕಣ್ಣಿಗೆ ಕಂಡ ಹಾಗೆ ಹೇಳುತ್ತಿದ್ದಳು. ಒಂದು ಅಂದರೆ ಕೋಲು, ಎರಡು ಅಂದರೆ ಹೆಡೆ ಎತ್ತಿದ ಹಾವು, ಸೊನ್ನೆ ಬಳೆ, ಎಂಟು ಅಂದರೆ ಜೋಡಿ ಬಳೆ. ಏಳಕ್ಕೆ ದೋಟಿ, ಅಡಿಕೆ ಕೊನೆ ಕೊಯ್ಯುವ ಗಳುವಿನ ಹಾಗಿದೆಯಂತೆ. ಆರು ಬಸುರಿ, ಒಂಬತ್ತು ತಲೆಹೊರೆ. "ಮೊದ್ಲಿಗೆ ಒಂದು ಬಸುರಿ ಕಣೆ, ಆಮೇಲೆ ಕೋಲು, ಆಮೇಲೆ ತಲೆಹೊರೆ ಹೊತ್ತೋಳು ಒಬ್ಳು... ತಡಿ, ಬೆಳಕೇ ಹೋತು, ಗುಂಡಿ ಒತ್ತಬೇಕು" ಅನ್ನುವಷ್ಟರಲ್ಲಿ ಅವಧಿ ಮುಗಿದು ಬ್ಯಾಂಕು ಮತ್ತೊಂದು ನಂಬರು ಕಳಿಸುತ್ತಿತ್ತು. ಭಾಗ್ಯಳಿಗೆ ಸಿಟ್ಟು ಬಂದು ರೇಗಿದ್ದಿದೆ. ರೇಗಿದರೆ ಅಮ್ಮ ನಗುತ್ತಿದ್ದಳು. ಆ ನಂಬರುಗಳ ನಡುವೆ ಮಳೆ ಬಂದದ್ದು, ಯಾರದೋ ಮನೆಯ ಎಮ್ಮೆ ಈದದ್ದು, ಮಾಲತಿ ಹೊಸ ಸೀರೆ ತಗೊಂಡದ್ದು ಎಲ್ಲ ನುಸುಳುತ್ತಿತ್ತು.

ಅಮ್ಮ ತೀರಿಕೊಂಡ ಸುದ್ದಿ ಕೂಡ ಅದೇ ನಂಬರಿನಿಂದ ಬಂತು. ಹೇಳಿದವಳು ಮಾಲತಿ. ಭಾಗ್ಯ ಬರಲಿಲ್ಲ. ಕಂಪನಿ ರಜೆ ಕೊಡಲಿಲ್ಲ ಎಂದು ಹೇಳಿದಳು, ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಬಂದರೆ ತಿರುಗಿ ಹೋಗುವ ಧೈರ್ಯ ತನಗೆ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಅಕ್ಕನಿಗೆ ಹೇಗೆ ಹೇಳುವುದು? ಮಾಲತಿ ಎಲ್ಲವನ್ನೂ ಒಬ್ಬಳೇ ಮಾಡಿದಳು. ಅಮ್ಮನ ಫೋನನ್ನು ಸಿರಿಮನೆಯ ತನ್ನ ಮನೆಗೆ ಒಯ್ದಳು. ಅಲ್ಲಿಂದ ಮುಂದೆ ಒಟಿಪಿ ಓದಿ ಹೇಳುವವಳು ಅವಳಾದಳು. ಅವಳು ಏಳನೇ ಕ್ಲಾಸಿನವರೆಗೆ ಓದಿದವಳು, ಬಸುರಿ ಹೊರೆ ಎಲ್ಲ ಬೇಕಿರಲಿಲ್ಲ. ಭಾಗ್ಯ ಮೊದಲು ಒಂದು ರಿಂಗು ಕೊಟ್ಟು ಇಡಬೇಕು. ಕಾಲು ಗಂಟೆ ಬಿಟ್ಟು ಮತ್ತೆ ಫೋನು ಮಾಡಬೇಕು. ಮಾಲತಿ ಏದುಸಿರಿನಲ್ಲಿ ಆರು ಅಂಕಿ ಹೇಳಿ, ಆರನೆಯದರ ಹಿಂದೆಯೇ ಕರೆ ಕತ್ತರಿಸುತ್ತಿದ್ದಳು. ಹೇಗಿದ್ದೀಯ ಎಂಬುದಿಲ್ಲ, ಇಡ್ತೀನಿ ಎಂಬುದೂ ಇಲ್ಲ. ಆ ಏದುಸಿರು ಸಿಟ್ಟಿನದೆಂದು ಭಾಗ್ಯ ತಿಳಿದಿದ್ದಳು. ಸಿಟ್ಟಾದರೂ ಸರಿ, ಉಸಿರಲ್ಲವೇ ಎಂದು ಕಿವಿಗೊಟ್ಟು ಕೇಳುತ್ತಿದ್ದಳು.

ಆಮೇಲೆ ಅವಳು ಮಾಡಿದ್ದನ್ನು ನೆನೆದರೆ ಅವಳಿಗೇ ನಾಚಿಕೆ. ಅಮ್ಮ ಹೋದ ಮೇಲೆ ದುಡ್ಡು ಕಳಿಸುವ ಅಗತ್ಯಗಳೇ ಕಮ್ಮಿಯಾದವು. ಔಷಧಿಯಂಗಡಿಯಿಲ್ಲ, ಮನೆ ಬಾಡಿಗೆಯಿಲ್ಲ. ಒಟಿಪಿ ಇಲ್ಲವೆಂದರೆ ಫೋನು ಮಾಡಲು ನೆಪವಿಲ್ಲ. ಒಂದು ಶುಕ್ರವಾರ ರಜೆಯ ಮಧ್ಯಾಹ್ನ, ಲೋಕೇಶನ ಊರಿನ ಖಾತೆಗೆ ಒಂದು ರೂಪಾಯಿ ಕಳಿಸಲು ಹೋದಳು, ಬರೀ ನಂಬರು ಬರಲಿ ಅಂತ. ಮಾಲತಿ ಆರು ಅಂಕಿ ಹೇಳಿದಳು, ಇಟ್ಟಳು. ಮುಂದಿನ ವಾರ ಮತ್ತೆ ಒಂದು ರೂಪಾಯಿ. "ಎಂತ ಅಕ್ಕಾ, ನಂಗೆ ಭಿಕ್ಷೆ ಹಾಕೋಕೆ ಶುರು ಮಾಡಿದ್ದೀಯ?" ಎಂದು ಲೋಕೇಶ ಎಲ್ಲರೆದುರು ಹಂಗಿಸಿದ. ಅವಳು ಖಾತೆ ಸರಿ ಇದೆಯೋ ಅಂತ ನೋಡಿದೆ ಅಂದಳು. ಹಾಗೆ ಒಂದೊಂದು ರೂಪಾಯಿಯಾಗಿ ಎರಡು ವರ್ಷ ಕಳೆದಳು. ಅಕ್ಕನ ದನಿ ಅಷ್ಟಕ್ಕೆ ಸಿಗುತ್ತಿತ್ತು, ಅಗ್ಗವೇ.

ಅಗ್ಗವಲ್ಲ ಎಂದು ಗೊತ್ತಾದದ್ದು ಈ ಸಲ ಊರಿಗೆ ಬಂದ ಮೇಲೆ. ಮೊದಲ ದಿನ ಸಂಜೆ ಭಾವ ಕರಿಯಣ್ಣ ಜಗಲಿಯಲ್ಲಿ ಎಲೆ ಹಾಕುತ್ತಾ, "ಎಂತ ಮಾರಾಯ್ತಿ, ನಿನ್ ಬ್ಯಾಂಕಿನ ನೌಕರಿ ನಿಮ್ಮಕ್ಕಂಗೆ ಪರ್ಮನೆಂಟ್ ಆಗಿದೆ" ಎಂದು ನಕ್ಕ. ಮನೆಯ ಹಿಂದಿನ ಗುಡ್ಡದ ಕಡೆ ಗಲ್ಲ ಎತ್ತಿ ತೋರಿಸಿದ. "ಮನೇಲಿ ರಿಂಗಾಗತ್ತೆ ಅಷ್ಟೇ, ಅದೂ ಆ ಮೊಳೆ ಹತ್ರ. ಮಾತು ಕೇಳ್ಬೇಕಂದ್ರೆ ಆ ಹಾಸುಬಂಡೆ ಮೇಲೆ ಹೋಗಿ ನಿಲ್ಬೇಕು. ನೀನು ರಿಂಗ್ ಕೊಟ್ಟೆ ಅಂದ್ರೆ ಇವ್ಳು ಒಲೆ ಮೇಲಿದ್ದಿದ್ದು ಇಳಿಸಿ ಓಡೋದು. ಈಗ ಮಂಡಿ ನೋವು ಬೇರೆ." ಭಾಗ್ಯ ಗುಡ್ಡ ನೋಡಿದಳು. ಬಿಸಿಲಿಗೆ ಒಣಗಿದ ಹುಲ್ಲು, ನಡುವೆ ಸವೆದು ಕೆಂಪಾದ ಕಾಲುದಾರಿ. ಆ ದಾರಿಯಲ್ಲಿ ಬೇರೆ ಯಾರಿಗೂ ಕೆಲಸವಿಲ್ಲ. ಮೇಲೆ ತೋಟವಿಲ್ಲ, ಮನೆಯಿಲ್ಲ, ಬಂಡೆ ಬಿಟ್ಟರೆ ಏನೂ ಇಲ್ಲ. ಸವೆಸಿದ್ದು ಒಬ್ಬಳದೇ ಕಾಲು. ಒಳಗಿನಿಂದ ಮಾಲತಿ, "ಸುಮ್ನಿರಿ, ಊಟಕ್ಕೆ ಬನ್ನಿ" ಅಂದಳು. ಆವತ್ತು ಭಾಗ್ಯ ಅರ್ಧ ಅನ್ನ ಬಿಟ್ಟು ಕೈ ತೊಳೆದಳು. ಅಕ್ಕ ಎದ್ದು ಒಳಗೆ ಹೋಗುವಾಗ ಗೋಡೆ ಹಿಡಿದದ್ದನ್ನು ನೋಡಿದಳು. ಆಮೇಲೆ ದಿನವೂ ಅದನ್ನೇ ನೋಡಿದಳು, ಗೋಡೆಯ ಮೇಲಿನ ಆ ಕೈಯನ್ನು.

ಬ್ಯಾಂಕಿಗೆ ಹೋಗಬೇಕು ಎಂದು ಅವಳು ಎತ್ತಿದ್ದು ಮೊನ್ನೆ. ಮಾಲತಿ ಅಕ್ಕಿ ಆರಿಸುತ್ತಾ, ತಲೆ ಎತ್ತದೆ, "ಹಂಗಾರೆ ಆ ನಂಬರ್ ತೆಗೆಸಿಬಿಡು. ನಿಂದೇ ಹಾಕಿಸ್ಕೋ" ಅಂದಳು. ಹನ್ನೆರಡು ದಿನಕ್ಕೆ ಅದೇ ಉದ್ದದ ಮಾತು. ತೆಗೆಸಬೇಕಾದದ್ದೇ. ಮಂಡಿ ನೋವಿನ ಹೆಂಗಸನ್ನು ಒಂದು ರೂಪಾಯಿಗೆ ಗುಡ್ಡ ಹತ್ತಿಸುವವಳು ಮನುಷ್ಯಳೇ ಅಲ್ಲ ಎಂದು ಭಾಗ್ಯ ತನ್ನನ್ನು ತಾನೇ ಚೆನ್ನಾಗಿ ಬೈದುಕೊಂಡಿದ್ದಳು. ಆದರೆ ತೆಗೆಸಿದ ಮೇಲೆ? ಮಸ್ಕತ್ತಿನ ಶುಕ್ರವಾರದ ಮಧ್ಯಾಹ್ನ ಯಾವ ಮುಖ ಇಟ್ಟುಕೊಂಡು ರಿಂಗು ಕೊಡುವುದು? ಎಂತಕ್ಕೆ ಮಾಡಿದೆ ಎಂದು ಅಕ್ಕ ಕೇಳಿದರೆ ಎಂತ ಹೇಳುವುದು? ಕೇಳದೆ ಇದ್ದರೆ, ಬಂಡೆ ಹತ್ತದೇ ಇದ್ದರೆ? ಬಸ್ಸಿನ ಕಿಟಕಿಯ ಸರಳು ಹಿಡಿದು ಅವಳು ತನ್ನ ಮಸ್ಕತ್ತಿನ ನಂಬರನ್ನು ಮನಸ್ಸಿನಲ್ಲೇ ಹೇಳಿಕೊಂಡಳು, ಪರೀಕ್ಷೆಗೆ ಹೋಗುವ ಹುಡುಗಿಯ ಹಾಗೆ, ಎರಡೆರಡು ಸಲ ತಪ್ಪಿ.

ಕೊಪ್ಪದಲ್ಲಿ ಬ್ಯಾಂಕು ಜಾಗ ಬದಲಿಸಿರಲಿಲ್ಲ, ಒಳಗೆ ಎಲ್ಲ ಗಾಜಾಗಿತ್ತು. ಕೌಂಟರಿನ ಹುಡುಗಿಯ ಮೇಜಿನ ಮೇಲೆ ಅನನ್ಯ ಎಂದು ಹೆಸರು ಬರೆದಿತ್ತು. ಪಾಸ್‌ಪೋರ್ಟು ತಿರುವಿ ನೋಡಿ, "ಓ, ನೀವು ಎನ್ನಾರೈ" ಅಂದಳು. ಕ್ಯೂನಲ್ಲಿದ್ದವರು ತಿರುಗಿ ನೋಡಿದರು. ಭಾಗ್ಯಳಿಗೆ ನಗು ಬಂತು, ಅದರ ಬೆನ್ನಿಗೇ ಅವಮಾನವೂ. ಎನ್ನಾರೈ ಎಂದರೆ ಅವಳ ತಲೆಯಲ್ಲಿ ಶೃಂಗೇರಿಗೆ ದೊಡ್ಡ ಕಾರಿನಲ್ಲಿ ಬಂದು, ನೀರಿನ ಬಾಟಲಿ ಹಿಡಿದು, ಮೀನಿಗೆ ಮಂಡಕ್ಕಿ ಹಾಕಿ ಫೋಟೋ ತೆಗೆಸಿಕೊಳ್ಳುವವರು. ರೋಗಿಗಳ ಚಾದರ ಇಸ್ತ್ರಿ ಮಾಡುವವಳಿಗೂ ಅದೇ ಹೆಸರೇ? "ಹೋಗಿ ತುಂಬಾ ವರ್ಷ ಆಯ್ತಲ್ಲ, ಹೇಳೇ ಇಲ್ಲ?" ಅಂದಳು ಅನನ್ಯ. ಇದಕ್ಕೇ ಅಲ್ಲವೇ ಇಷ್ಟು ದಿನ ಹೆದರಿದ್ದು. "ಗೊತ್ತಿರ್ಲಿಲ್ಲ ಮೇಡಂ" ಅಂದಳು ಭಾಗ್ಯ, ಅಪರಾಧಿಯ ದನಿಯಲ್ಲಿ. ಅನನ್ಯ "ತೊಂದ್ರೆ ಇಲ್ಲ, ಈಗ ಮಾಡ್ಸಿದ್ರಲ್ಲ" ಎಂದು ಕಾಗದ ಮುಂದೆ ತಳ್ಳಿದಳು. ಅಷ್ಟೇ. ಅಷ್ಟು ಹೊತ್ತುಕೊಂಡು ತಿರುಗಿದ ಭಯಕ್ಕೆ ಬೆಲೆಯೇ ಇಲ್ಲದ ಹಾಗಾಗಿ ಭಾಗ್ಯಳಿಗೆ ಒಂಥರಾ ಬೇಜಾರೂ ಆಯಿತು. ಸಹಿ ಹಾಕಿದಳು. ಹಳೆಯ ಸಹಿಗೂ ಇದಕ್ಕೂ ತಾಳೆಯಾಗಲಿಲ್ಲ, ಮತ್ತೆ ಹಾಕಿದಳು.

"ಮೊಬೈಲ್ ನಂಬರ್ ಇದೇ ಇರ್ಲಾ, ಅಲ್ಲಿದು ಹಾಕ್ಲಾ? ಅಲ್ಲಿದು ಹಾಕಿದ್ರೆ ಒಟಿಪಿ ನಿಮ್ ಕೈಗೇ ಬರತ್ತೆ, ಯಾರನ್ನೂ ಕೇಳೋ ಹಂಗಿಲ್ಲ."

ಯಾರನ್ನೂ ಕೇಳುವ ಹಾಗಿಲ್ಲ. ಭಾಗ್ಯ ಗಾಜಿನ ಆಚೆ ನೋಡಿದಳು. ಗೋಡೆ ಹಿಡಿದ ಕೈ ಕಣ್ಣಿಗೆ ಕಟ್ಟಿತು. "ಅಲ್ಲಿದೇ ಹಾಕಿ" ಎಂದು ನಂಬರು ಹೇಳಿದಳು, ಒಂದೂ ತಪ್ಪದೆ. ಹೇಳಿ ಮುಗಿಸಿದಾಗ ಯಾರಿಗೋ ಹಲ್ಲು ಕಿತ್ತು ಕೊಟ್ಟ ಹಾಗೆ ಬಾಯೊಳಗೆ ಖಾಲಿ ಎನ್ನಿಸಿತು. ಅನನ್ಯ ಬೆರಳು ಆಡಿಸಿ, "ಸರಿ, ಹಳೇ ನಂಬರಿಗೆ ಕೊನೇದಾಗಿ ಒಂದು ಒಟಿಪಿ ಹೋಗಿದೆ, ಹೇಳಿ" ಅಂದಳು.

"ಆ ಫೋನು... ಮನೇಲಿದೆ ಮೇಡಂ."

"ತರ್ಬೇಕಿತ್ತಲ್ಲಮ್ಮ."

ತರಬೇಕಿತ್ತು. ಹಿಂದೆ ನಿಂತ ಒಬ್ಬ ಯಜಮಾನರು "ಎಂತ ಇವತ್ತಿಗೆ ಮುಗಿಯತ್ತಾ ಇದು" ಅಂದರು. ಭಾಗ್ಯ ಕೌಂಟರಿನಿಂದ ಪಕ್ಕಕ್ಕೆ ಸರಿದಳು. ಒಂದು ತಿಂಗಳಿಗೆಂದು ಶೃಂಗೇರಿಯಲ್ಲಿ ಕೊಂಡ ಸಿಮ್ಮಿನಿಂದ ರಿಂಗು ಕೊಟ್ಟು, ಇಟ್ಟು, ಪಕ್ಕದ ಕುರ್ಚಿಯಲ್ಲಿ ಕುಳಿತಳು. ಮಸ್ಕತ್ತಿನಲ್ಲಿ ಈ ಕಾಲು ಗಂಟೆ ಅವಳು ಬಟ್ಟೆ ಒಣಗಿಸುತ್ತಲೋ ಚಹಾ ಕುಡಿಯುತ್ತಲೋ ಕಳೆದದ್ದು. ಈಗ ಪ್ರತಿ ಹೆಜ್ಜೆಯೂ ಕಾಣುತ್ತಿತ್ತು. ಮೊಳೆಯಿಂದ ಸಂಚಿ ಇಳಿಯಿತು. ಹಿತ್ತಲ ಬೇಲಿ ದಾಟಿತು. ಕೆಂಪು ದಾರಿ. ಹುಲ್ಲಿನ ಬುಡ ಹಿಡಿದು ಒಂದು ಕಾಲು, ಆಮೇಲೆ ನೋವಿನ ಕಾಲು. ಮೇ ತಿಂಗಳ ಬಿಸಿಲು ಬಂಡೆಯ ಮೇಲೆ. ಇದು ಕೊನೇದು ಅಕ್ಕ, ಇದೊಂದು ಹತ್ತಿಬಿಡು. ಮತ್ತೆ ಫೋನು ಮಾಡಿದಾಗ ಅದೇ ಏದುಸಿರು, ಗಾಳಿಯ ಸದ್ದು. ಸಿಟ್ಟಿನದಲ್ಲ. ಯಾವತ್ತೂ ಸಿಟ್ಟಿನದಾಗಿರಲಿಲ್ಲ. ಅನನ್ಯ ಇನ್ನೊಂದು ಸಲ ನಂಬರು ಕಳಿಸಿದಳು.

"ಬಂತು" ಅಂದಳು ಮಾಲತಿ. "ನಾಲ್ಕು. ಸೊನ್ನೆ. ಏ..." ಗಾಳಿ ಹೊಡೆದು ಮುಂದಿನದು ತುಂಡಾಯಿತು.

"ಅಕ್ಕ, ಕೇಳ್ತಿಲ್ಲ. ಮೂರನೇದು ಎಂತ?"

ಏನೋ ಅಂದಳು, ಮತ್ತೆ ತುಂಡು. ಅನನ್ಯ ಪೆನ್ನು ಕುಟ್ಟಿದಳು. "ಮೂರನೇದು ಅಕ್ಕ!"

"ದೋಟಿ ಕಣೇ!" ಎಂದು ಮಾಲತಿ ಕೂಗಿದ್ದು ಕೌಂಟರಿನವರೆಗೂ ಕೇಳಿಸಿತು. "ದೋಟಿ! ಆಮೇಲೆ ಇನ್ನೊಂದು ದೋಟಿ. ಆಮೇಲೆ ಬಸುರಿ. ಕಡೇಗೆ ಹಾವು."

ಹಿಂದಿನ ಯಜಮಾನರು ಕನ್ನಡಕದ ಮೇಲಿಂದ ನೋಡಿದರು. ಭಾಗ್ಯ ನಾಲ್ಕು, ಸೊನ್ನೆ, ಏಳು, ಏಳು, ಆರು, ಎರಡು ಎಂದು ಅನನ್ಯಳಿಗೆ ಹೇಳಿದಳು. "ಆಯ್ತು, ಬದ್ಲಾಯ್ತು" ಎಂದು ಅನನ್ಯ ಪಾಸ್‌ಪೋರ್ಟು ತಿರುಗಿ ಕೊಟ್ಟು ಮುಂದಿನವರನ್ನು ಕರೆದಳು. ಭಾಗ್ಯ ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗಲೇ ನೋಡಿಕೊಂಡದ್ದು, ಕೈಯಲ್ಲಿದ್ದ ಫೋನಿನಲ್ಲಿ ಕರೆ ಇನ್ನೂ ಓಡುತ್ತಿತ್ತು. ಅಂಕಿ ಆರೂ ಮುಗಿದಿದ್ದವು. ಮಾಲತಿ ಕತ್ತರಿಸಿರಲಿಲ್ಲ.

"ಅಕ್ಕ?"

"ಹ್ಞೂಂ."

"ಆಯ್ತು. ನಂಬರ್ ತೆಗೆದ್ರು. ಇನ್ನು ಆ ಫೋನಿಗೆ ಎಂತದೂ ಬರಲ್ಲ. ನೀನು ಹತ್ತೋದು ಬೇಡ."

ಆಚೆ ಬರೀ ಗಾಳಿ. ಭಾಗ್ಯ ಕಾದಳು. ಈಗ ಕತ್ತರಿಸುತ್ತಾಳೆ, ಈಗ.

"ಒಂದು ರೂಪಾಯಿದೂ ಬರಲ್ವಾ?" ಅಂದಳು ಮಾಲತಿ.

ಭಾಗ್ಯಳಿಗೆ ಹೊಳೆದದ್ದು ಆಗಲೇ. ಯಾವ ಖಾತೆಯಿಂದ ಎಷ್ಟು ಹೋಗುತ್ತಿದೆ ಎಂಬುದೂ ಆ ಸಂದೇಶದಲ್ಲೇ ಬರೆದಿರುತ್ತದೆ. ಅಮ್ಮನಿಗೆ ಓದಲು ಬರುತ್ತಿರಲಿಲ್ಲ, ಅಕ್ಕನಿಗೆ ಬರುತ್ತಿತ್ತು. ಎರಡು ವರ್ಷ, ಪ್ರತಿ ಶುಕ್ರವಾರ, ಆ ಬಂಡೆಯ ಮೇಲೆ ನಿಂತು ಅವಳು ಅದನ್ನು ಓದಿದ್ದಾಳೆ. ಓದಿ, ಆರು ಅಂಕಿ ಹೇಳಿ, ಇಳಿದಿದ್ದಾಳೆ. ಮುಂದಿನ ವಾರ ಮತ್ತೆ ಹತ್ತಿದ್ದಾಳೆ.

"ನಿಂಗೆ ಗೊತ್ತಿತ್ತಾ?"

"ನಾನೇನು ಕುರುಡಿಯಾ ಮಾರಾಯ್ತಿ?"

"ಮತ್ತೆ ಎಂತಕ್ಕೆ ಹತ್ತಿದ್ದು?"

ಮೂಗು ಎಳೆದುಕೊಂಡ ಸದ್ದು ಬಂತು, ಅಥವಾ ಗಾಳಿಯೇ ಇರಬಹುದು. ಆಮೇಲೆ ಮಾಲತಿ ಅಂದಳು, "ನೋಡು, ಹತ್ತಿ ಆಗಿದೆ. ಈ ಕಾಲಲ್ಲಿ ಕೂಡ್ಲೆ ಇಳಿಯಕ್ಕಾಗಲ್ಲ, ಕೂತ್ಕೊಂಡಿದೀನಿ. ಎಂತಾದ್ರೂ ಹೇಳು."

ಭಾಗ್ಯಳಿಗೆ ಹೇಳಬೇಕಾದದ್ದು ತುಂಬಾ ಇತ್ತು. ರಜೆಯ ಸುಳ್ಳು, ಅಮ್ಮ, ಹೊಳೆಯುವ ಲೋಟ. ಯಾವುದರಿಂದ ಶುರು ಮಾಡುವುದೋ ತಿಳಿಯದೆ, ಕಣ್ಣು ಒರೆಸಿಕೊಂಡು ಎದುರಿಗೆ ಏನಿದೆ ಎಂದು ನೋಡಿದಳು.

"ಇಲ್ಲಿ ಬ್ಯಾಂಕಿನ ಎದ್ರಿಗೆ ಹಲಸಿನ ಹಣ್ಣು ಮಾರ್ತಿದಾರೆ ಅಕ್ಕ" ಅಂದಳು.

"ಯಾವ್ದು? ಗಟ್ಟಿ ತೊಳೆಯ ಬಕ್ಕೆಯೋ, ಮೆತ್ತನೆ ಅಂಬಲಿಯೋ?"

"ಗೊತ್ತಿಲ್ಲ."

"ಹತ್ರ ಹೋಗಿ ಕೇಳು" ಅಂದಳು ಮಾಲತಿ. "ಇಡಬೇಡ. ನಾನು ಇಲ್ಲೇ ಇದೀನಿ."